ಬಿಳಿ ಹಕ್ಕಿಗೆ ಚಪ್ಪಾಳೆ, ಬೂದು ಹಕ್ಕಿಗೆ ನೆಟ್

ಬೆಂಗಳೂರಿನಲ್ಲಿ ಹೊಸ ಫ್ಲ್ಯಾಟಿಗೆ ಹೋಗುವವರು ಈಗ ಹಾಲು ಉಕ್ಕಿಸುವ ಮೊದಲೇ ಪಾರಿವಾಳದ ನೆಟ್ ಹಾಕಿಸುತ್ತಾರೆ. ತಪ್ಪು ಅನ್ನಲ್ಲ, ನಮ್ಮ ಬಾಲ್ಕನಿಗೂ ಇದೆ. ಆದರೆ ಯಾವುದಾದರೂ ಸಮಾರಂಭದಲ್ಲಿ ಮುಖ್ಯ ಅತಿಥಿಗಳು ಬಿಳಿ ಪಾರಿವಾಳ ಹಾರಿಸಿದರೆ ನಾವೇ ಎದ್ದು ನಿಂತು ಚಪ್ಪಾಳೆ ತಟ್ಟುತ್ತೇವೆ. ಅದೂ ಇದೇ ಹಕ್ಕಿ ಕಣ್ರೀ! ಎಸಿ ಹಿಂದೆ ಕೂತು ಗುಟುರ್ ಗುಟುರ್ ಅನ್ನುವ ಬೂದು ಪಾರಿವಾಳದ್ದೇ ಜಾತಿ. ಮನುಷ್ಯ ಸಾಕಿ, ಬಿಳಿ ಬಣ್ಣದ್ದನ್ನೇ ಆರಿಸಿ ಬೆಳೆಸಿದ್ದಾನೆ, ಅಷ್ಟೇ.

ಶಾಂತಿಯ ಪಟ್ಟವೂ ನಾವು ಕಟ್ಟಿದ್ದೇ. ಬೈಬಲ್ಲಿನಲ್ಲಿ ನೋಹನ ಹಡಗಿಗೆ ಆಲಿವ್ ಎಲೆ ತಂದ ಹಕ್ಕಿ ಇದೆ. 1949ರ ಪ್ಯಾರಿಸ್ ಶಾಂತಿ ಸಮ್ಮೇಳನದ ಪೋಸ್ಟರಿಗೆ ಕಲಾವಿದ ಪಿಕಾಸೋ ಬರೆದ ಪಾರಿವಾಳದ ಚಿತ್ರ ಬಳಸಿದ ಮೇಲೆ ಈ ಗುರುತು ಊರೂರಿಗೆ ಹೋಯಿತು. ನಮ್ಮ ಕಡೆ ಕಥೆ ಬೇರೆ. ಋಗ್ವೇದದ ಹತ್ತನೇ ಮಂಡಲದಲ್ಲಿ ಕಪೋತ, ಅಂದರೆ ಪಾರಿವಾಳ, ಕೇಡಿನ ದೇವತೆ ನಿರ್ಋತಿಯ ದೂತ, ಮನೆಗೆ ಬಂದರೆ ಕೇಡಾಗದಿರಲಿ ಅಂತ ಬೇಡಿಕೊಳ್ಳುತ್ತಾರೆ. ಮಹಾಭಾರತಕ್ಕೆ ಬಂದರೆ ಅದೇ ಹಕ್ಕಿಯನ್ನು ಉಳಿಸಲು ಶಿಬಿ ತನ್ನ ಮೈಯ ಮಾಂಸವನ್ನೇ ಕೊಯ್ದು ತಕ್ಕಡಿಗೆ ಹಾಕುತ್ತಾನೆ. ಹಕ್ಕಿ ಮಾತ್ರ ಆಗಲೂ ಈಗಲೂ ಕಾಳು ಹುಡುಕಿಕೊಂಡು ಓಡಾಡುತ್ತಿದೆ.

ಇದು ಮೂಲದಲ್ಲಿ ಬಂಡೆಯ ಹಕ್ಕಿ. ಕಡಿದಾದ ಬಂಡೆಗಳ ಸಂದಿಯಲ್ಲಿ ಗೂಡು ಕಟ್ಟುವಂಥದ್ದು, ಮರದ ಸಹವಾಸ ಕಡಿಮೆ. ಹಾಗಾಗಿ ಅಪಾರ್ಟ್‌ಮೆಂಟಿನ ಸಜ್ಜಾ, ಡಕ್ಟ್, ಫ್ಲೈಓವರಿನ ಅಡಿ ಎಲ್ಲ ಅದರ ಕಣ್ಣಿಗೆ ಒಳ್ಳೆಯ ಬಂಡೆಯೇ. ಊರ ತುಂಬ ಬಂಡೆ ಎಬ್ಬಿಸಿ ಕಾಳನ್ನೂ ಚೆಲ್ಲಿದವರು ನಾವು, ಈಗ ಕಾಟ ಅಂತ ಬೈಯುವವರೂ ನಾವೇ.

ಗೂಡಂತೂ ನೋಡಬೇಕು. ನಾಲ್ಕು ಕಡ್ಡಿ, ಒಂದು ತುಂಡು ವೈರು, ನಡುವೆ ಎರಡು ಬಿಳಿ ಮೊಟ್ಟೆ. ಎಂಜಿನಿಯರಿಂಗ್ ಸೊನ್ನೆ. ಆದರೆ ಸಂಸಾರ ಅಚ್ಚುಕಟ್ಟು. ಹಗಲು ಹೆಚ್ಚಾಗಿ ಗಂಡು ಕಾವು ಕೊಟ್ಟರೆ ರಾತ್ರಿ ಹೆಣ್ಣು. ಹದಿನೆಂಟು ದಿನದ ಆಸುಪಾಸಿನಲ್ಲಿ ಹಳದಿ ತುಪ್ಪುಳದ, ದಪ್ಪ ಮೂಗಿನ, ನಿಜಕ್ಕೂ ಚೆಂದವಿಲ್ಲದ ಎರಡು ಮರಿ. ಅವಕ್ಕೆ ಮೊದಲ ಕೆಲವು ದಿನ ಸಿಗುವುದು ತಂದೆ ತಾಯಿಯ ಗಂಟಲ ಚೀಲದಲ್ಲಿ ಊರುವ ಗಿಣ್ಣಿನಂಥ 'ಹಾಲು'. ತಂದೆಯೂ ಹಾಲು ಕೊಡುತ್ತದೆ! ನೀರು ಕುಡಿಯುವಾಗಲೂ ಗಮನಿಸಿ. ಕಾಗೆ, ಕೋಳಿಯ ಹಾಗೆ ಗುಟುಕಿಗೊಮ್ಮೆ ತಲೆ ಎತ್ತಲ್ಲ. ಕೊಕ್ಕು ಅದ್ದಿ ಹೀರುತ್ತಲೇ ಇರುತ್ತದೆ.

ನನ್ನ ತಕರಾರು ಎರಡು. ಮೊದಲನೆಯದು ಈ ಹಾರಿಸುವ ಶೋಕಿ. ಗೂಡಿಗೆ ಮರಳಲು ಪಳಗಿಸದ ಸಾಕು ಹಕ್ಕಿಯನ್ನು ಬೆಂಗಳೂರಿನ ಆಕಾಶಕ್ಕೆ ಬಿಟ್ಟರೆ ಅದು ಹೋಗುವುದಾದರೂ ಎಲ್ಲಿಗೆ? ಮೇಲೆ ಹದ್ದುಗಳು ಸುತ್ತುತ್ತಿರುತ್ತವೆ, ಬಿಳಿ ಮೈ ದೂರಕ್ಕೇ ಕಾಣುತ್ತದೆ. 1988ರ ಸೋಲ್ ಒಲಿಂಪಿಕ್ಸ್ ಉದ್ಘಾಟನೆಯಲ್ಲಿ ಹಾರಿಸಿದ ಹಕ್ಕಿಗಳು ಜ್ಯೋತಿಯ ಕುಂಡದ ಅಂಚಿಗೇ ಹೋಗಿ ಕೂತಿದ್ದವು. ಬೆಂಕಿ ಹೊತ್ತಿಸಿದಾಗ ಕೆಲವು ಸುಟ್ಟೇ ಹೋದವು. ಶಾಂತಿಯ ಹೆಸರಲ್ಲಿ!

ಎರಡನೆಯದು ಸರ್ಕಲ್ಲಿನಲ್ಲಿ ಮೂಟೆಗಟ್ಟಲೆ ಜೋಳ ಸುರಿಯುವ ಪುಣ್ಯ. ಕಾಳು ಜಾಸ್ತಿಯಾದರೆ ಮರಿಯೂ ಜಾಸ್ತಿ, ಹಿಕ್ಕೆಯೂ ಜಾಸ್ತಿ. ಒಣಗಿದ ಹಿಕ್ಕೆಯ ಧೂಳು, ರೆಕ್ಕೆಯ ಪುಡಿ ಉಸಿರಲ್ಲಿ ಹೋಗಿ ಕೆಲವರಿಗೆ ಶ್ವಾಸಕೋಶದ ಅಲರ್ಜಿ ಕಾಯಿಲೆ ಬರುತ್ತದೆ. ಕಾಳು ಹಾಕುವವರು ಕಾರು ಹತ್ತಿ ಹೊರಟುಬಿಡುತ್ತಾರೆ, ಧೂಳು ಕುಡಿಯುವುದು ಬೆಳಗ್ಗೆ ಪೊರಕೆ ಹಿಡಿಯುವ ಪೌರಕಾರ್ಮಿಕರು.

ಪ್ರೀತಿ ಉಕ್ಕಿದರೆ ಇದೇ ಮನೆತನದ ಬೆಳವ ಇದೆಯಲ್ಲ, ಕತ್ತಿನ ಹಿಂದೆ ಕಪ್ಪು ಬಿಳುಪು ಚುಕ್ಕಿಯದ್ದು, ಅದಕ್ಕೊಂದು ಪೊದೆ ಉಳಿಸಿ. ನೆಟ್ ಹಾಕಿಸುವವರು ದಯವಿಟ್ಟು ಮೊದಲು ಎಸಿ ಹಿಂದೆ ಬಗ್ಗಿ ನೋಡಿ. ಮರಿ ಇದ್ದರೆ ಹುಡುಗರಿಗೆ ಒಂದು ತಿಂಗಳು ಬಿಟ್ಟು ಬರಲು ಹೇಳಿ. ಅವರೇನೂ ಬೇಜಾರು ಮಾಡ್ಕೊಳ್ಳಲ್ಲ.