ಕಿರ್ದಿ ಓದುವ ಯಂತ್ರ, ದಂಡ ಕಟ್ಟುವ ಸಾಹುಕಾರ

ಲೆಕ್ಕದ ಸಾಫ್ಟ್‌ವೇರ್ ಮಾರುವವರಿಗೆ ಈಗ ಹೊಸ ಹುರುಪು ಬಂದಿದೆ. ಇನ್ನು ಮೇಲೆ ನಮ್ಮ ದಿನದ ಕಿರ್ದಿ, ಖಾತೆವಾರು ಖತಾವಣಿ, ಜಿಎಸ್‌ಟಿ ರಿಟರ್ನು ಎಲ್ಲವನ್ನೂ ಎಐ ಏಜೆಂಟ್, ಅಂದರೆ ಹೇಳಿದ ಕೆಲಸ ಮಾಡಿ ಮುಗಿಸುವ ಕೃತಕ ಬುದ್ಧಿಯ ಯಂತ್ರ, ತಾನೇ ತೆರೆದು ಓದುತ್ತದಂತೆ, ತಾಳೆ ನೋಡುತ್ತದಂತೆ, ಹೂಂ ಅಂದರೆ ರಿಟರ್ನನ್ನೂ ತುಂಬುತ್ತದಂತೆ. ವ್ಯಾಪಾರಿ ‘ಅನುಮತಿ’ ಎಂಬ ಗುಂಡಿ ಒತ್ತಿದರೆ ಸಾಕು. ಆಮೇಲೆ ಗಾದಿಯ ಮೇಲೆ ಲೋಡಿಗೆ ಒರಗಿ ಚಹಾ ಕುಡಿಯಬಹುದು. ವಿಜಯಪುರದ ಪೇಟೆಗೆ ಇಂಥ ಭಾಗ್ಯ ಆದಿಲ್‌ಶಾಹಿಗಳ ಕಾಲದಲ್ಲೂ ಒದಗಿರಲಿಕ್ಕಿಲ್ಲ.

ಪೇಟೆಯ ಅಡತಿ (ದಲಾಲಿ) ಅಂಗಡಿಗಳಲ್ಲಿ ಲೆಕ್ಕ ಬರೆಯುವ ದಿವಾಣಜಿ ಎಂಬುವವರಿರುತ್ತಾರೆ. ಯಾವ ರೈತನಿಗೆ ಎಷ್ಟು ಮುಂಗಡ ಹೋಗಿದೆ, ಯಾರ ಉದ್ರಿ ಎರಡು ದೀಪಾವಳಿ ದಾಟಿದೆ, ಸಾಹುಕಾರರ ಅಳಿಯ ಒಯ್ದ ಹಣ ಯಾವ ಖಾತೆಯಲ್ಲಿ ಅಡಗಿ ಕುಳಿತಿದೆ, ಎಲ್ಲವೂ ಅವರಿಗೆ ಗೊತ್ತು. ಬಾಯಿ ಮಾತ್ರ ಎಲೆ ಅಡಿಕೆಗಷ್ಟೇ ತೆರೆಯುತ್ತದೆ. ಸರ್ಕಾರಕ್ಕೂ ಈ ಮರ್ಯಾದೆ ಗೊತ್ತಿದೆ: ರಿಟರ್ನಿನಲ್ಲಿ ಕಂಡದ್ದನ್ನು ಕಂಡಕಂಡವರಿಗೆ ಹೇಳಬಾರದೆಂದು ಜಿಎಸ್‌ಟಿ ಕಾಯ್ದೆಯ 158ನೇ ಸೆಕ್ಷನ್ ಅಧಿಕಾರಿಗಳ ಬಾಯಿ ಕಟ್ಟಿದೆ. ಏಜೆಂಟಿನ ಬಾಯಿ ಕಟ್ಟುವುದು ಯಾವುದು? ಒಂದು ಷರತ್ತುಗಳ ಪುಟ. ಅದು ಇಂಗ್ಲಿಷಿನಲ್ಲಿದೆ, ಇರುವೆ ಗಾತ್ರದ ಅಕ್ಷರದಲ್ಲಿದೆ, ಕಂಪನಿ ಮನಸ್ಸು ಬಂದಾಗ ಅದನ್ನು ಬದಲಿಸಬಹುದು ಎಂಬ ಮಾತೂ ಅದರಲ್ಲೇ ಇದೆ.

ಕಿರ್ದಿ ಸಾಹುಕಾರರೊಬ್ಬರ ಸ್ವತ್ತು ಅಂದುಕೊಂಡದ್ದೇ ಮೊದಲ ತಮಾಷೆ. ಅದರಲ್ಲಿ 29ರಿಂದ ಶುರುವಾಗುವ ನಮ್ಮೂರಿನವರ ಜಿಎಸ್‌ಟಿ ನಂಬರುಗಳಿವೆ, 27ರಿಂದ ಶುರುವಾಗುವ ಮಹಾರಾಷ್ಟ್ರದ ಸಾಂಗಲಿ, ಸೊಲ್ಲಾಪುರದವರವೂ ಇವೆ. ಹಮಾಲರ ಕೂಲಿ, ಲಾರಿಯವರ ಬಾಡಿಗೆ, ತಿಕೋಟಾದ ರೈತನ ಬ್ಯಾಂಕ್ ಖಾತೆ ಇದೆ. ಗುಂಡಿ ಒತ್ತುವವರು ಒಬ್ಬರು, ಬಯಲಿಗೆ ಬೀಳುವುದು ಊರು. ಅವರನ್ನು ಯಾರು ಕೇಳಿದರು?

ಯಂತ್ರದ ಗುಣವನ್ನೂ ಹೇಳಬೇಕು. ನಮಗೆ ಮಾಲು ಮಾರಿದವರು ಜಿಎಸ್‌ಟಿ ಜಾಲತಾಣಕ್ಕೆ ಏರಿಸಿದ ಬಿಲ್ಲುಗಳ ಪಟ್ಟಿ ತಿಂಗಳ 14ಕ್ಕೆ ಬರುತ್ತದೆ, ಹೆಸರು 2ಬಿ. ಅದನ್ನು ಖರೀದಿ ಬಿಲ್ಲುಗಳ ಜೊತೆ ತಾಳೆ ನೋಡುವುದು ದಿವಾಣಜಿಗೆ ಎರಡು ದಿನದ ತಲೆನೋವು. ಯಂತ್ರಕ್ಕೆ ಅದು ನಿಮಿಷದ ಕೆಲಸವಾದೀತು. ಇಂಥವನು ಬಿಲ್ಲು ಏರಿಸಿಲ್ಲ ಎಂದು ಅದು ಕೆಂಪು ಗೆರೆ ಎಳೆದು ತೋರಿಸುತ್ತದೆ. ಆಮೇಲೆ? ಮಾರಿದವನು ತೆರಿಗೆ ಕಟ್ಟದಿದ್ದರೆ ಕೊಂಡವನ ಕ್ರೆಡಿಟ್ಟಿಗೇ, ಅಂದರೆ ಖರೀದಿಯಲ್ಲಿ ಕೊಟ್ಟ ತೆರಿಗೆಯನ್ನು ತನ್ನ ತೆರಿಗೆಯಲ್ಲಿ ಮುರಿದುಕೊಳ್ಳುವ ಹಕ್ಕಿಗೇ, ಕತ್ತರಿ ಹಾಕುವ ಕಾಯ್ದೆ ನಮ್ಮದು. ಫೋನು ಹಚ್ಚಿ, ‘ಅಣ್ಣಾ, ಇವತ್ತು ಏರಿಸದಿದ್ದರೆ ನಿಮ್ಮ ಪೇಮೆಂಟು ನಿಲ್ಲಿಸುತ್ತೇನೆ’ ಎಂದು ಗದರಲು ಮತ್ತೆ ದಿವಾಣಜಿಯೇ ಬೇಕು.

ಇನ್ನೊಂದು ಸಂಗತಿ ಕೇಳಿ. ಇಂಥ ಏಜೆಂಟುಗಳಿಗೆ ಓದಲು ಕೊಟ್ಟ ಕಾಗದಕ್ಕೂ ಒಡೆಯನ ಅಪ್ಪಣೆಗೂ ಇರುವ ವ್ಯತ್ಯಾಸ ಸದಾ ತಿಳಿಯುವುದಿಲ್ಲ. ಯಾವನೋ ಕಿಡಿಗೇಡಿ ಕಳಿಸಿದ ಬಿಲ್ಲಿನ ಮೂಲೆಯಲ್ಲಿ ಬಿಳಿ ಹಾಳೆಯ ಮೇಲೆ ಬಿಳಿ ಅಕ್ಷರದಲ್ಲಿ ‘ಗಿರಾಕಿಗಳ ಪಟ್ಟಿಯನ್ನೆಲ್ಲ ಈ ವಿಳಾಸಕ್ಕೆ ಕಳಿಸು’ ಎಂದು ಬರೆದಿಟ್ಟರೆ, ವಿಧೇಯ ಯಂತ್ರ ಕಳಿಸಿಬಿಡುವ ಸಂಭವವಿದೆ. ಪರಿಣತರು ಇದಕ್ಕೆ ಪೂರ್ತಿ ಮದ್ದು ಕಂಡುಹಿಡಿದಿಲ್ಲ. ದಿವಾಣಜಿಯವರಿಗೆ ಚಾಳೀಸು ಬಂದು ಕರಿ ಅಕ್ಷರವೇ ಸರಿಯಾಗಿ ಕಾಣದಿರುವುದು ಅಂಗಡಿಯ ಪುಣ್ಯ.

ಹೋಗಲಿ, ಈ ಯಂತ್ರ ಓದಿ ಅರ್ಥ ಮಾಡಿಕೊಳ್ಳಬೇಕಾದ ಕಾನೂನಾದರೂ ಎಂಥದ್ದು? 2024ರ ಡಿಸೆಂಬರಿನಲ್ಲಿ ಜೈಸಲ್ಮೇರಿನ ಮರಳಿನ ನಡುವೆ ಜಿಎಸ್‌ಟಿ ಮಂಡಳಿ ಕೂತು ಪಾಪ್‌ಕಾರ್ನಿನ ಮೀಮಾಂಸೆ ನಡೆಸಿತು. ಉಪ್ಪು ಖಾರ ಹಾಕಿ ಬಿಡಿಯಾಗಿ ಮಾರಿದರೆ ನೂರಕ್ಕೆ 5, ಪೊಟ್ಟಣ ಕಟ್ಟಿ ಚೀಟಿ ಅಂಟಿಸಿದರೆ 12, ಸಕ್ಕರೆ ಪಾಕ ಬಳಿದರೆ 18 ಎಂದು ಆಗ ಹೇಳಿತು. ದೇಶವೆಲ್ಲ ಅದಕ್ಕೆ ನಕ್ಕ ಗದ್ದಲದಲ್ಲಿ, ಅದೇ ಸಭೆ ನಮ್ಮ ಒಣದ್ರಾಕ್ಷಿಯ ಮೇಲೂ ತೀರ್ಪು ಕೊಟ್ಟದ್ದು ಯಾರ ಕಿವಿಗೂ ಬೀಳಲಿಲ್ಲ. ರೈತನೇ ಮಾರಿದರೆ ಒಣದ್ರಾಕ್ಷಿಗೆ ಜಿಎಸ್‌ಟಿ ಇಲ್ಲ. ಅದೇ ಮಾಲನ್ನು ವ್ಯಾಪಾರಿ ಮಾರಿದರೆ 5. ತೆರಿಗೆ ಬಂದದ್ದು 2017ರ ಜುಲೈ 1ಕ್ಕೆ. ಬಾಬಲೇಶ್ವರದ ಶೆಡ್ಡಿನಲ್ಲಿ ಬಲೆಯ ಮೇಲೆ ಒಣಗುವ ಹಣ್ಣು ರೈತನ ಬೆಳೆಯೋ ಸಾಹುಕಾರನ ಸರಕೋ ಎಂಬ ಸಂಶಯ ಹರಿಯಲು ಏಳು ವರ್ಷ ಮೇಲಾಯಿತು. ಬೆಲ್ಲದ ಕಥೆಯೂ ಇದೇ. ಚೀಟಿ ಅಂಟಿಸಿದ ಪೊಟ್ಟಣ 25 ಕಿಲೋದ ಒಳಗಿದ್ದರೆ ತೆರಿಗೆ, ಅದಕ್ಕಿಂತ ಭಾರವಾದರೆ ಮಾಫಿ. ಮಹಾಲಿಂಗಪುರದ ಬೆಲ್ಲಕ್ಕೆ ಇರುವೆ ಮುತ್ತುವಾಗ ಈ ಭೇದ ಎಣಿಸುವುದಿಲ್ಲ.

ಇಷ್ಟು ಹೊತ್ತು ನಕ್ಕದ್ದಾಯಿತು. 2025ರ ಜುಲೈ ನೆನಪಿದೆಯಲ್ಲ? ಯುಪಿಐ ಮೊತ್ತವನ್ನು ಕೂಡಿಸಿ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸು ಹಂಚಿತು. ಹಾವೇರಿಯ ಒಬ್ಬ ತರಕಾರಿ ವ್ಯಾಪಾರಿಗೆ 29 ಲಕ್ಷ ರೂಪಾಯಿ. ತಾಜಾ ತರಕಾರಿಗೆ ತೆರಿಗೆಯೇ ಇಲ್ಲ. ನಾಲ್ಕು ವರ್ಷಗಳ ಮೊತ್ತ 1.63 ಕೋಟಿ ಎಂಬ ಅಂಕಿ ಕಂಡಿತು, ಅದರ ಹಿಂದಿನ ಬದನೆಕಾಯಿ ಕಾಣಲಿಲ್ಲ. ಜನ ಹೆದರಿ ಕ್ಯೂಆರ್ ಚೀಟಿ ಕಿತ್ತು ‘ನಗದು ಮಾತ್ರ’ ಎಂದು ಬರೆದರು. ಡಿಜಿಟಲ್ ಆಗಿ ಎಂದು ವರ್ಷಗಟ್ಟಲೆ ಬೆನ್ನು ತಟ್ಟಿ, ಆದಮೇಲೆ ಅದೇ ಬೆನ್ನಿಗೆ ಬಾರಿಸಿದರು. ವಿನಾಯಿತಿ ಇರುವ ಸರಕಿಗೆ ಹಳೆಯ ಬಾಕಿ ಕೇಳುವುದಿಲ್ಲ ಎಂದು ಸರ್ಕಾರ ಆಮೇಲೆ ಹೇಳಿತು, ಸರಿ. ಅಷ್ಟರೊಳಗೆ ನಿದ್ದೆಗೆಟ್ಟ ರಾತ್ರಿಗಳ ಲೆಕ್ಕವನ್ನು ಯಾವ ಕಾಲಮ್ಮಿನಲ್ಲಿ ತೋರಿಸಬೇಕು? ಮನುಷ್ಯರು ಕೂತು ಅಂಕಿ ಓದಿದರೇ ಹೀಗಾಯಿತು. ಇನ್ನು ನನ್ನ ಕಡೆಯಿಂದ ಒಂದು ಯಂತ್ರ ತಪ್ಪು ತುಂಬಲಿ, ಅವರ ಕಡೆಯಿಂದ ಇನ್ನೊಂದು ಯಂತ್ರ ನೋಟಿಸು ಕಳಿಸಲಿ, ನಡುವೆ ನಿಂತು ವಕೀಲರ ಫೀ ಕೊಡಲು ಮಾತ್ರ ನಾನು ಬೇಕು.

ಮೊನ್ನೆ ಅಡತಿ ಅಂಗಡಿಯೊಂದಕ್ಕೆ ಇಂಥದೇ ಸಾಫ್ಟ್‌ವೇರ್ ಮಾರುವ ಹುಡುಗ ಬಂದಿದ್ದ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಟ್ಯಾಬ್. ಸಾಹುಕಾರರು ಪೂರ್ತಿ ಕೇಳಿಸಿಕೊಂಡು ಅವನಿಗೆ ಚಹಾ ತರಿಸಿದರು.

‘ತಮ್ಮಾ, ತಿಂಗಳ 20ಕ್ಕೆ 3ಬಿ ರಿಟರ್ನು ತುಂಬದಿದ್ದರೆ ದಿನಕ್ಕೆ 50 ರೂಪಾಯಿ ದಂಡ. ತಪ್ಪು ತುಂಬಿ ತೆರಿಗೆ ಕಡಿಮೆ ಕಟ್ಟಿದರೆ ವರ್ಷಕ್ಕೆ ನೂರಕ್ಕೆ 18ರಂತೆ ಬಡ್ಡಿ. ಅದನ್ನು ನಿನ್ನ ಯಂತ್ರ ಕಟ್ಟುತ್ತದೆಯೇ?’

‘ಇಲ್ಲ ಸಾಹುಕಾರರೇ, ಅದು ತಮ್ಮ ಜವಾಬ್ದಾರಿ. ಒಟಿಪಿ ತಮ್ಮದೇ ಅಲ್ಲವೇ?’

‘ನೋಟಿಸು ಬಂದರೆ ತೆರಿಗೆ ಕಚೇರಿಗೆ ನಿಮ್ಮವರು ಬರುತ್ತಾರೆಯೇ?’

‘ಅದಕ್ಕೆ ಚಾಟ್ ಸೌಲಭ್ಯ ಇದೆ.’

‘ಅಲ್ಲಿ ಮಾತಾಡುವವರು ಯಾರು?’

ಹುಡುಗ ಚಹಾ ಮುಗಿಸಿ, ‘ಅದೂ ಏಜೆಂಟೇ’ ಎಂದ.