ಹುಲಿ ಹೆಚ್ಚಿದೆ ಎಂದು ಕಾನೂನು ಸಡಿಲವಾಗಬೇಕೆ?

2025ರ ಜೂನ್‌ನಲ್ಲಿ ಮಲೆ ಮಹದೇಶ್ವರ ವನ್ಯಧಾಮದ ಹೂಗ್ಯಂ ವಲಯದಲ್ಲಿ ಒಂದು ತಾಯಿ ಹುಲಿ ಮತ್ತು ಅದರ ನಾಲ್ಕು ಮರಿಗಳು ವಿಷ ಹಾಕಿದ್ದ ಹಸುವಿನ ಮಾಂಸ ತಿಂದು ಸತ್ತವು. ಸೆಪ್ಟೆಂಬರ್‌ನಲ್ಲಿ ಗುಂಡ್ಲುಪೇಟೆ ತಾಲ್ಲೂಕಿನ ಬೊಮ್ಮಲಾಪುರದ ರೈತರು, ಹುಲಿ ಹಿಡಿಯಲು ಇಟ್ಟಿದ್ದ ಬೋನಿನೊಳಗೆ ಅರಣ್ಯ ಸಿಬ್ಬಂದಿಯನ್ನೇ ಕೂಡಿಹಾಕಿದರು. ವರ್ಷದ ಕೊನೆಯಲ್ಲಿ ಸರಗೂರು ಭಾಗದಲ್ಲಿ ಹುಲಿ ದಾಳಿಗೆ ಜನ ಬಲಿಯಾದ ಬಳಿಕ ಬಂಡೀಪುರ, ನಾಗರಹೊಳೆಗಳ ಸಫಾರಿ ನಿಂತಿತು. ಹುಲಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕೊಟ್ಟಿರುವ ಬಿಗಿಯಾದ ರಕ್ಷಣೆ ಇನ್ನೂ ಬೇಕೆ ಎಂಬ ಪ್ರಶ್ನೆ ಈಗ ಜೋರಾಗಿಯೇ ಕೇಳಿಬರುತ್ತಿದೆ.

ಹೀಗೆ ಕೇಳುವವರನ್ನು ಕಾಡಿನ ವೈರಿಗಳೆಂದು ತಳ್ಳಿಹಾಕುವುದು ಅನ್ಯಾಯ. 2006ರಲ್ಲಿ ದೇಶದಲ್ಲಿ 1,411 ಎಂದು ಅಂದಾಜಾಗಿದ್ದ ಹುಲಿಗಳು 2022ರ ಹೊತ್ತಿಗೆ 3,682ಕ್ಕೆ ಏರಿದವು. ಕರ್ನಾಟಕದ ಪಾಲು 563. ಈ ಏರಿಕೆಯ ಹೆಮ್ಮೆ ನಮ್ಮೆಲ್ಲರದು, ಅದರ ಭಾರ ಮಾತ್ರ ಕಾಡಂಚಿನ ಊರುಗಳದು. ಸಂಜೆಯಾದರೆ ಜಮೀನಿಗೆ ಹೋಗಲು ಹೆದರುವ ಕುಟುಂಬಕ್ಕೆ ಗಣತಿಯ ಅಂಕಿ ಸಮಾಧಾನ ಕೊಡಲಾರದು.

ಆದರೂ ಕಾನೂನನ್ನು ಸಡಿಲಿಸುವುದು ಪರಿಹಾರವೆಂದು ನನಗೆ ಅನ್ನಿಸುವುದಿಲ್ಲ. ಕಾಯ್ದೆಯ 11ನೇ ಕಲಮು ಹುಲಿಯನ್ನು ಮುಟ್ಟಲೇಬಾರದೆಂದು ಹೇಳುವುದಿಲ್ಲ. ಮನುಷ್ಯನ ಪ್ರಾಣಕ್ಕೆ ಅಪಾಯವೆಂದು ಖಚಿತವಾದರೆ ಮುಖ್ಯ ವನ್ಯಜೀವಿ ಪರಿಪಾಲಕರು ಲಿಖಿತ ಆದೇಶ ನೀಡಬಹುದು. ಹಿಡಿಯಲು, ಅರಿವಳಿಕೆ ಕೊಡಲು, ಬೇರೆಡೆಗೆ ಸಾಗಿಸಲು ಆಗದಿದ್ದರೆ ಕೊಲ್ಲಲೂ ಅವಕಾಶವಿದೆ. ಪ್ರಾಣರಕ್ಷಣೆಗಾಗಿ ಸದುದ್ದೇಶದಿಂದ ಕೊಂದರೆ ಅದು ಅಪರಾಧವೇ ಅಲ್ಲ. ಕೇರಳ ವಿಧಾನಸಭೆ 2025ರ ಅಕ್ಟೋಬರ್‌ನಲ್ಲಿ ತಿದ್ದುಪಡಿ ಮಸೂದೆ ಅಂಗೀಕರಿಸಿ ಈ ಹಾದಿಯನ್ನು ಮತ್ತಷ್ಟು ಚಿಕ್ಕದು ಮಾಡಲು ಹೊರಟಿದೆ. ಅಲ್ಲಿನವರ ಸಂಕಟ ನಿಜವೇ ಆಗಿದ್ದರೂ, ದಾಳಿ ಮಾಡಿದ ಹುಲಿ ಯಾವುದೆಂದು ಕ್ಯಾಮೆರಾದಲ್ಲಿ ಸಿಕ್ಕ ಪಟ್ಟೆಗಳ ಗುರುತಿನಿಂದ ಖಚಿತಪಡಿಸಿಕೊಳ್ಳುವ ಮೊದಲೇ ಗುಂಡು ಹಾರಿದರೆ ಯಾವುದೋ ಹುಲಿ ಸಾಯುತ್ತದೆ, ಊರಿನ ಭಯ ಹಾಗೆಯೇ ಉಳಿಯುತ್ತದೆ.

ಹಾಗೆಂದು, ನರಭಕ್ಷಕವೆಂದು ಖಚಿತವಾದ ಹುಲಿಯನ್ನು ಹಿಡಿಯುವುದಕ್ಕೂ ಅಡ್ಡಬರುವ ನಗರದ ವನ್ಯಜೀವಿ ಪ್ರೇಮಿಗಳ ವಾದವನ್ನೂ ನಾನು ಒಪ್ಪಲಾರೆ. ಒಂದು ಹುಲಿಯನ್ನು ಬಿಡಿಸಲು ಹೋಗಿ ಇಡೀ ಊರು ಹುಲಿಸಂತತಿಯನ್ನೇ ದ್ವೇಷಿಸುವಂತೆ ಮಾಡುವುದು ಸಂರಕ್ಷಣೆಯಲ್ಲ. ಕಾಡಿನ ಜೊತೆ ಬದುಕಿದವರನ್ನು ಹೊರಗಿಟ್ಟರೆ ಮಾತ್ರ ಹುಲಿ ಉಳಿಯುತ್ತದೆ ಎಂಬ ನಂಬಿಕೆಯೂ ಸರಿಯಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ 2011ರಲ್ಲಿ ಅರಣ್ಯ ಹಕ್ಕು ಸಿಕ್ಕಿತು, ಅಲ್ಲಿ ಹುಲಿಯೂ ಇದೆ.

ಹೂಗ್ಯಂನ ವಿಷಕ್ಕೆ ಕಾರಣವಾದದ್ದು ಮನುಷ್ಯನ ಸಾವಲ್ಲ, ಹುಲಿಯ ಬಾಯಿಗೆ ಸಿಕ್ಕ ಒಂದು ಹಸುವಿನ ಸಾವು. ನಮ್ಮ ಚರ್ಚೆಯಲ್ಲಿ ತಪ್ಪಿಹೋಗುವುದು ಇದೇ. ದನ ಸತ್ತರೆ ಮಹಜರು ಆಗಬೇಕು, ಪಶುವೈದ್ಯರ ವರದಿ ಬರಬೇಕು, ಅರ್ಜಿ ಕಚೇರಿಯಿಂದ ಕಚೇರಿಗೆ ಸಾಗಬೇಕು. ಇನ್ನು ವನ್ಯಧಾಮದೊಳಗೆ ಮೇಯಲು ಬಿಟ್ಟ ದನವಾದರೆ, ಮೇಯಿಸಿದ್ದೇ ತಪ್ಪಾಗಿರುವುದರಿಂದ ದೂರು ಕೊಡಲು ಒಡೆಯನೇ ಹೆದರುತ್ತಾನೆ. ಹಾಲು ಮಾರಿ ಸಂಸಾರ ನಡೆಸುವವನಿಗೆ ಆ ವಾರದ ಆದಾಯ ನಿಂತಿರುತ್ತದೆ, ಸತ್ತ ಹಸು ಕಾಡಿನಲ್ಲಿ ಬಿದ್ದಿರುತ್ತದೆ, ವಿಷ ಸುಲಭವಾಗಿ ಕೈಗೆ ಸಿಗುತ್ತದೆ. ವಿಷವಿಕ್ಕಿದವರಿಗೆ ಶಿಕ್ಷೆಯಾಗಲೇಬೇಕು. ಆದರೆ ಆ ಕೆಲವು ದಿನಗಳಲ್ಲಿ ಸರ್ಕಾರ ಅವನ ಮನೆ ಬಾಗಿಲಿಗೆ ಬಾರದಿದ್ದರೆ ಶಿಕ್ಷೆಯ ಭಯವೊಂದೇ ಅವನ ಕೈ ತಡೆಯದು.

ಆದ್ದರಿಂದ ನನ್ನ ಬೇಡಿಕೆ ಇಷ್ಟು: ಕಾಯ್ದೆ ಇರುವಂತೆಯೇ ಇರಲಿ, ದನ ಸತ್ತ ವಾರದೊಳಗೆ ಪರಿಹಾರದ ಹಣ ಖಾತೆಗೆ ಬರಬೇಕು, ಕಾಡಿನೊಳಗೆ ಸತ್ತ ದನದ ಬಗ್ಗೆ ತಿಳಿಸಿದವನ ಮೇಲೆ ಮೊಕದ್ದಮೆ ಹೂಡಬಾರದು, ಹುಲಿ ಕಂಡಿತೆಂದು ಊರವರು ಕರೆ ಮಾಡಿದ ದಿನವೇ ಸಿಬ್ಬಂದಿ ಬೋನು ಮತ್ತು ಕ್ಯಾಮೆರಾಗಳೊಂದಿಗೆ ಅಲ್ಲಿಗೆ ತಲುಪಬೇಕು. ಇವುಗಳಲ್ಲಿ ಒಂದಕ್ಕೂ 1972ರ ಕಾಯ್ದೆಯ ತಿದ್ದುಪಡಿ ಬೇಕಾಗಿಲ್ಲ.