ಕಾಲಂ 9ರ ದುಡ್ಡು

2024ರ ಮೇ ತಿಂಗಳಲ್ಲಿ ಒಂದು ಸಂಜೆ ಬೆಂಗಳೂರಿನ ಬಸ್ಸಿನಲ್ಲಿ ನಿಂತಿದ್ದಾಗ, ಬರ ಪರಿಹಾರದ ಬಾಕಿ ಹಣ ನನ್ನ ಖಾತೆಗೆ ಜಮೆಯಾಗಿದೆ ಎಂಬ ಸಂದೇಶ ಫೋನಿಗೆ ಬಂತು. ಜನವರಿಯಲ್ಲಿ ಬಂದಿದ್ದ 2,000 ರೂಪಾಯಿಯನ್ನೂ ಸೇರಿಸಿದರೆ, ಪಾವಗಡ ತಾಲ್ಲೂಕಿನ ನಮ್ಮ ಮೂರು ಎಕರೆ ಖುಷ್ಕಿ ಜಮೀನಿಗೆ ಹತ್ತು ಸಾವಿರ ಚಿಲ್ಲರೆ ಸಿಕ್ಕಂತಾಯಿತು. ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿಯಂತೆ ಗರಿಷ್ಠ ಎರಡು ಹೆಕ್ಟೇರಿಗೆ ಎಂಬ ಮಾನದಂಡದ ಪ್ರಕಾರ ಲೆಕ್ಕವೇನೋ ಸರಿಯಾಗಿಯೇ ಇತ್ತು. ಆದರೆ 2023ರ ಮುಂಗಾರಿನಲ್ಲಿ ಆ ಹೊಲಕ್ಕೆ ಕಡಲೆಕಾಯಿ ಬಿತ್ತಿ ಕೈಸುಟ್ಟುಕೊಂಡವರು ಬೇರೆಯವರು.

ಆ ಹೊಲವನ್ನು ವಾರಕ್ಕೆ, ಅಂದರೆ ಬೆಳೆಯಲ್ಲಿ ಪಾಲು ಕೊಡುವ ಒಪ್ಪಂದದ ಮೇಲೆ, ಮಾಡುವವರು ನಮ್ಮೂರಿನ ಹಿರಿಯರೊಬ್ಬರು. ರಕ್ತಸಂಬಂಧವಿಲ್ಲದಿದ್ದರೂ ನಾನು ಅವರನ್ನು ಮಾವ ಎಂದೇ ಕರೆಯುವುದು. ಬೀಜ, ಗೊಬ್ಬರ, ಟ್ರ್ಯಾಕ್ಟರ್ ಬಾಡಿಗೆ ಎಲ್ಲವೂ ಅವರದೇ. ಬೆಳೆ ಸಮೀಕ್ಷೆಯ ಹುಡುಗ ಮೊಬೈಲ್ ಹಿಡಿದು ಬಂದಾಗ, ಬಾಡಿದ ಗಿಡವೊಂದನ್ನು ಬುಡಸಮೇತ ಕಿತ್ತು, ಬೇರಿಗಂಟಿದ ಮಣ್ಣು ಕೊಡವಿ, ಕಾಯಿ ಕಟ್ಟಿಲ್ಲದಿರುವುದನ್ನು ತೋರಿಸಿದವರೂ ಅವರೇ. ಆ ಫೋಟೊ ಸರ್ವೆ ನಂಬರಿಗೂ, ಸರ್ವೆ ನಂಬರು ಪಹಣಿಯ ಕಾಲಂ 9ರಲ್ಲಿರುವ ಒಡೆಯನ ಹೆಸರಿಗೂ, ಆ ಹೆಸರು ರೈತರ ನೋಂದಣಿಗಿರುವ ಫ್ರೂಟ್ಸ್ ತಂತ್ರಾಂಶದ ಗುರುತಿನ ಸಂಖ್ಯೆಯಾದ ಎಫ್‌ಐಡಿಗೂ, ಅಲ್ಲಿಂದ ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆಗೂ ಹೆಣೆದುಕೊಂಡಿದೆ. ಮಧ್ಯವರ್ತಿಯಿಲ್ಲದೆ ಹಣ ತಲುಪಿಸುವ ಈ ಏರ್ಪಾಡನ್ನು ನಾನು ಹೀಗಳೆಯುವುದಿಲ್ಲ, ಆದರೆ ಇಷ್ಟುದ್ದದ ಸರಪಳಿಯಲ್ಲಿ ಮಾವನ ಹೆಸರು ಎಲ್ಲಿಯೂ ಇಲ್ಲ.

ಪಿಎಂ-ಕಿಸಾನ್ ಕಥೆಯೂ ಇಷ್ಟೇ. ವರ್ಷಕ್ಕೆ ಮೂರು ಕಂತಿನಲ್ಲಿ 6,000 ರೂಪಾಯಿ ಕೊಡುವ ಆ ಯೋಜನೆಗೆ 2019ರ ಫೆಬ್ರುವರಿ 1ರಂದು ಭೂದಾಖಲೆಯಲ್ಲಿ ಹೆಸರಿರಬೇಕು. ಎರಡು ಹೆಕ್ಟೇರಿನ ಮಿತಿಯನ್ನು ಅದೇ ವರ್ಷ ತೆಗೆದುಹಾಕಿದ್ದರಿಂದ ದೊಡ್ಡ ಹಿಡುವಳಿದಾರರೂ ಒಳಗೆ ಬಂದರು. ಭೂಮಿಯಿಲ್ಲದೆ ಉಳುವವರು ಮಾತ್ರ ಹೊರಗೇ ಉಳಿದರು. ಆದಾಯ ತೆರಿಗೆ ಕಟ್ಟುವ ನನಗೆ ಆ ಹಣ ಬರುವುದಿಲ್ಲ, ಅದೊಂದು ಸಮಾಧಾನ.

ಜೂನ್‌ನಲ್ಲಿ ಊರಿಗೆ ಹೋದಾಗ ಪರಿಹಾರದ ಹಣವನ್ನು ಮಾವನ ಮುಂದಿಟ್ಟೆ. ಅವರು ಜಗಲಿಯ ಮೇಲೆ ಕೂತು ನಿಧಾನವಾಗಿ ಎಣಿಸಿ, ಅರ್ಧವನ್ನು ನನ್ನ ಕಡೆ ಸರಿಸಿದರು. "ವಾರ ಅಂದ್ಮೇಲೆ ಲುಕ್ಸಾನೂ ಅರ್ಧ ಅರ್ಧ ಕಣಪ್ಪ" ಎಂದರು. ಖರ್ಚಿನಲ್ಲಿ ನನ್ನದೊಂದು ಕಾಸೂ ಇರಲಿಲ್ಲ ಎಂಬುದು ಅವರಿಗೂ ಗೊತ್ತಿತ್ತು.

ಕಾನೂನಿನ ಪ್ರಕಾರ ನಮ್ಮಿಬ್ಬರ ಈ ಒಪ್ಪಂದವೇ ಇಲ್ಲ. ದೇವರಾಜ ಅರಸು ಅವರ ಕಾಲದಲ್ಲಿ, 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯು ಗೇಣಿದಾರರಿಗೆ ಭೂಮಿ ಕೊಡಿಸಿದ್ದಲ್ಲದೆ, ಸೈನಿಕರಂಥ ಕೆಲವರನ್ನು ಬಿಟ್ಟರೆ ಮುಂದೆ ಯಾರೂ ಜಮೀನನ್ನು ಗೇಣಿಗೆ ಕೊಡುವಂತಿಲ್ಲ ಎಂದೂ ವಿಧಿಸಿತು. ಆ ಕಾನೂನಿನ ಉಪಕಾರ ಸಣ್ಣದಲ್ಲ. ಆದರೆ ನಿಷೇಧದಿಂದ ಗೇಣಿ ನಿಲ್ಲಲಿಲ್ಲ, ಕಾಗದದಿಂದ ಮರೆಯಾಯಿತು ಅಷ್ಟೆ. ಹಾಗಾಗಿ ಉಳುವವನೇ ಒಡೆಯನೆಂದ ರಾಜ್ಯದಲ್ಲಿ ಇಂದು ಉಳುವವನಿಗೆ ತಾನು ಉಳುತ್ತಿದ್ದೇನೆಂದು ತೋರಿಸಲು ಒಂದು ಚೀಟಿಯೂ ಇಲ್ಲ. 2020ರಲ್ಲಿ ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದೆಂದು ಮಾಡಿದ ಮೇಲೆ, ನನ್ನಂತೆ ದೂರದಲ್ಲಿರುವ ಒಡೆಯರು ಹೆಚ್ಚದೆ ಇರುವುದಿಲ್ಲ.

ಪಾವಗಡವನ್ನು ಮೂರು ಕಡೆ ಸುತ್ತುವರಿದಿರುವ ಆಂಧ್ರದಲ್ಲಿ 2019ರಲ್ಲಿ ಒಂದು ಕಾನೂನು ಬಂತು. ಒಡೆತನಕ್ಕೆ ಧಕ್ಕೆಯಿಲ್ಲದಂತೆ, ಸಾಗುವಳಿ ಮಾಡುವವರಿಗೆ ಹನ್ನೊಂದು ತಿಂಗಳ ಅವಧಿಯ ಕಾರ್ಡ್ ಕೊಡುವ ವ್ಯವಸ್ಥೆ ಅದು. ನಮ್ಮಲ್ಲಿಯೂ ಬೆಳೆ ನಷ್ಟದ ಪರಿಹಾರವನ್ನಾದರೂ ಅಂಥ ಕಾರ್ಡಿನ ಮೇಲೆ ಕೊಡಬೇಕೆಂಬುದು ನನ್ನ ಅಭಿಪ್ರಾಯ. ಅಲ್ಲಿಯ ತೊಡಕೆಂದರೆ ಕಾರ್ಡಿಗೆ ಒಡೆಯನ ಒಪ್ಪಿಗೆ ಬೇಕು, ಜಮೀನು ಕೈಬಿಟ್ಟೀತೆಂಬ ಭಯಕ್ಕೆ ಒಡೆಯರು ಸಹಿ ಹಾಕಲು ಹಿಂಜರಿಯುತ್ತಾರೆ. ಆ ಭಯ ಎಂಥದೆಂದು ನನಗೆ ಗೊತ್ತು. ನಮ್ಮ ಪಹಣಿಯಲ್ಲೂ ಸಾಗುವಳಿದಾರರ ವಿವರಕ್ಕೆಂದು ಕಾಲಂ 12 ಇದೆ; ಅದರಲ್ಲಿ ತಮ್ಮ ಹೆಸರು ಬರೆಸಲಾಗುತ್ತದೆಯೇ ಎಂದು ಮಾವ ಅದೇ ಜಗಲಿಯ ಮೇಲೆ ಕೇಳಿದಾಗ, ನಾನು ಮಳೆಯ ಮಾತು ತೆಗೆದಿದ್ದೆ.